ದ್ವೀಪದ ಆತಿಥ್ಯಕ್ಕೂ ಒಂದು ಲೆಕ್ಕವಿದೆ

ಪುರವಣಿಗಳ ಪ್ರವಾಸ ಪುಟದಲ್ಲಿ ಒಂದು ಮಾತು ಮಾತ್ರ ಎಂದೂ ಬದಲಾಗುವುದಿಲ್ಲ: ಅವರ ಬಳಿ ಏನೂ ಇರಲಿಲ್ಲ, ಆದರೂ ನಮಗೆ ಎಲ್ಲವನ್ನೂ ಕೊಟ್ಟರು. ದೂರದ ದ್ವೀಪ, ಸಾಲು ತೆಂಗು, ದೋಣಿಯಿಂದ ಇಳಿಯುತ್ತಲೇ ಕೈಹಿಡಿದ ಮಕ್ಕಳು, ಸಾಕೆಂದರೂ ಬಡಿಸಿದ ಮೀನು, ಹೊರಡುವಾಗ ಎಲ್ಲರ ಕಣ್ಣಲ್ಲೂ ನೀರು. ಲೇಖಕ ಊರಿಗೆ ಬಂದು ‘ಮುಗ್ಧ ಜನ’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ. ಹೊಗಳಿಕೆಯ ವೇಷದ ಈ ಮಾತಿಗೆ ನನ್ನ ತಕರಾರಿದೆ. ಆತಿಥ್ಯವನ್ನು ಮುಗ್ಧತೆಯ ಖಾತೆಗೆ ಬರೆದರೆ ಉಣಬಡಿಸಿದವರ ಬುದ್ಧಿ, ದುಡಿಮೆ, ರಾಜಕೀಯ ಎಲ್ಲವೂ ಅಳಿಸಿಹೋಗುತ್ತವೆ. ಉಂಡವನ ಋಣವೂ ಸದ್ದಿಲ್ಲದೆ ಮನ್ನಾ ಆಗುತ್ತದೆ. ಮುಗ್ಧರಿಗೆ ಯಾರು ತಾನೇ ಬಾಕಿ ತೀರಿಸುತ್ತಾರೆ?

ಈ ಕಟ್ಟುಕತೆಗೆ ಮುಖ್ಯ ಮೂಲವೇ ಪೆಸಿಫಿಕ್ ಸಾಗರದ ತಾಹಿತಿ. ಫ್ರೆಂಚ್ ನಾವಿಕ ಬೂಗನ್‌ವೀಲ್ 1768ರ ಏಪ್ರಿಲ್‌ನಲ್ಲಿ ಅಲ್ಲಿ ಹತ್ತು ದಿನದೊಳಗೇ ಇದ್ದು ಹೊರಟ. 1771ರಲ್ಲಿ ಅವನ ಪುಸ್ತಕ ಬಂದದ್ದೇ ತಡ, ಹಣ್ಣು, ಹೆಣ್ಣು, ನಗು ಎಲ್ಲವೂ ಕೇಳದೆಯೇ ಸಿಗುವ ನಾಡು ಎಂಬ ಚಿತ್ರ ಯುರೋಪಿನ ತಲೆಗೆ ಹತ್ತಿತು. ಅವನಿಗಿಂತ ಹತ್ತು ತಿಂಗಳು ಮೊದಲು, 1767ರ ಜೂನ್‌ನಲ್ಲಿ, ಇಂಗ್ಲಿಷ್ ಕಪ್ತಾನ ವಾಲಿಸ್ ಅದೇ ದ್ವೀಪದ ಮಟವಾಯಿ ಕೊಲ್ಲಿಯಲ್ಲಿ ಲಂಗರು ಹಾಕಿದ್ದ. ಕಲ್ಲು ತುಂಬಿಕೊಂಡು ಎದುರಿಸಲು ಬಂದ ದೋಣಿಗಳ ಮೇಲೆ ಫಿರಂಗಿ ಹಾರಿಸಿದ್ದ. ಬೂಗನ್‌ವೀಲ್ ಇಳಿದದ್ದು ದ್ವೀಪದ ಇನ್ನೊಂದು ಬದಿಯಲ್ಲಿ, ನಿಜ. ಆದರೆ ಫಿರಂಗಿಯ ಸುದ್ದಿ ಅಷ್ಟು ಸಣ್ಣ ದ್ವೀಪವನ್ನು ಸುತ್ತಲು ಹತ್ತು ತಿಂಗಳು ಬೇಕೇ? ಅವನು ಕಂಡ ಮಂದಹಾಸದಲ್ಲಿ ಸಹಜ ಸ್ವಭಾವ ಎಷ್ಟು, ಅನುಭವದಿಂದ ಕಲಿತ ಜಾಣತನ ಎಷ್ಟು ಎಂದು ಕೇಳುವವರೇ ಇರಲಿಲ್ಲ.

ಆ ಜಾಣತನಕ್ಕೆ ಬೂಗನ್‌ವೀಲನ ಬರಹದಲ್ಲೇ ಪುರಾವೆ ಇದೆ. ದಡದಲ್ಲಿ ಬಿಡಾರ ಹೂಡುತ್ತೇವೆ ಎಂದಾಗ ಊರಿನ ಮುಖ್ಯಸ್ಥರು ಸಭೆ ಸೇರಿ, ಎಷ್ಟು ದಿನ ಇರುತ್ತೀರಿ ಎಂದು ಕೇಳಿದರು. ಅವನು ಹದಿನೆಂಟು ಸಣ್ಣ ಕಲ್ಲುಗಳನ್ನು ಎಣಿಸಿಕೊಟ್ಟ, ಒಂದೊಂದು ಕಲ್ಲಿಗೆ ಒಂದೊಂದು ದಿನ. ಅವರಲ್ಲೊಬ್ಬ ಗಂಭೀರ ಹಿರಿಯ ಅದನ್ನು ಒಂಬತ್ತಕ್ಕೆ ಇಳಿಸಲು ನೋಡಿದ. ಚೌಕಾಸಿ ನಡೆದು ಕೊನೆಗೆ ಹದಿನೆಂಟಕ್ಕೇ ಒಪ್ಪಿದರು. ಅಂಗೈಯಲ್ಲಿ ಕಲ್ಲು ಹಿಡಿದು ಅತಿಥಿಯ ದಿನಗಳನ್ನು ಎಣಿಸಿದ ಆ ಹಿರಿಯ ನನಗೆ ಇಡೀ ಪುಸ್ತಕದಲ್ಲೇ ಅತ್ಯಂತ ಸತ್ಯವಾದ ಪಾತ್ರ. ಪುಸ್ತಕ ಓದಿದ ಯುರೋಪಿನ ತತ್ವಜ್ಞಾನಿಗಳಿಗೆ ಅವನು ರುಚಿಸಲಿಲ್ಲ. ಅದೇ ವಾಸ್ತವ್ಯದಲ್ಲಿ ತನ್ನ ಸೈನಿಕರು ಕೆಲವು ದ್ವೀಪವಾಸಿಗಳನ್ನು ಕೊಂದರೆಂದೂ ಬೂಗನ್‌ವೀಲ್ ಬರೆದಿದ್ದಾನೆ. ಅದೂ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಟೋಂಗಾದ ಕತೆ ಇನ್ನೂ ವ್ಯಂಗ್ಯದ್ದು. ಇಂಗ್ಲಿಷ್ ಕಪ್ತಾನ ಕುಕ್ ಅದಕ್ಕೆ ‘ಸ್ನೇಹದ ದ್ವೀಪಗಳು’ ಎಂದು ಹೆಸರಿಟ್ಟ. 1777ರಲ್ಲಿ ಅವನಿಗೆ ಭರ್ಜರಿ ಔತಣ ಕೊಟ್ಟ ನಾಯಕರೇ ಅವನನ್ನು ಕೊಂದು ಹಡಗು ದೋಚಲು ಸಂಚು ಹೂಡಿದ್ದರೆಂದೂ, ಹಗಲೋ ರಾತ್ರಿಯೋ ಎಂಬ ಜಗಳದಲ್ಲಿ ಅದು ಕೈಗೂಡಲಿಲ್ಲವೆಂದೂ 1806ರಿಂದ ನಾಲ್ಕು ವರ್ಷ ಅಲ್ಲಿದ್ದ ಮ್ಯಾರಿನರ್ ಎಂಬ ತರುಣ ಅಲ್ಲಿಯವರ ಬಾಯಲ್ಲೇ ಕೇಳಿದ. ಕುಕ್‌ಗೆ ಇದು ಕೊನೆಗೂ ತಿಳಿಯಲಿಲ್ಲ, ಹೆಸರು ಉಳಿಯಿತು.

ಹಾಗಾದರೆ ದ್ವೀಪದ ಆದರವೆಲ್ಲ ನಾಟಕವೇ? ಅಲ್ಲ. ಅದೂ ಅಷ್ಟೇ ಸೋಮಾರಿ ತೀರ್ಮಾನ. ಇಲ್ಲಿ ಟಿಕೋಪಿಯಾದತ್ತ ಬರಬೇಕು. ಸಾಲೊಮನ್ ದ್ವೀಪಗಳ ಪೂರ್ವ ಅಂಚಿನಲ್ಲಿ ಸುಮಾರು ಐದು ಚದರ ಕಿಲೋಮೀಟರಿನ ನೆಲ. ನ್ಯೂಜಿಲೆಂಡಿನ ಮಾನವಶಾಸ್ತ್ರಜ್ಞ ರೇಮಂಡ್ ಫರ್ತ್ 1928ರ ಜುಲೈನಲ್ಲಿ ಮಿಷನ್ ಹಡಗಿನಿಂದ ಅಲ್ಲಿ ಇಳಿದು ಒಂದು ವರ್ಷ ಇದ್ದ. ಆಗ ಅಲ್ಲಿದ್ದವರು ಸುಮಾರು 1,300 ಮಂದಿ. ಹೊರಗಿನಿಂದ ಹಡಗು ಬರುವುದೇ ಅಪರೂಪ. ಜೀಗುಜ್ಜೆ, ಕೆಸುವಿನ ಗೆಡ್ಡೆ, ಬಾಳೆ, ಮೀನು ಇಷ್ಟರಲ್ಲೇ ಬದುಕು. ಜೀಗುಜ್ಜೆಯನ್ನು ನೆಲದ ಗುಂಡಿಯಲ್ಲಿ ಹುಳಿಯಿಸಿ ಮುಚ್ಚಿಟ್ಟು, ಕೆಟ್ಟ ವರ್ಷಕ್ಕೆಂದು ಕಾಯ್ದಿಡುತ್ತಿದ್ದರು. ಇಂಥ ಕಡೆ ಅತಿಥಿಯ ಎಲೆಗೆ ಬಿದ್ದ ತುತ್ತು ಯಾರದೋ ಪಾಲಿನದೇ ಆಗಿರುತ್ತದೆ. ‘ಅವರ ಬಳಿ ಏನೂ ಇರಲಿಲ್ಲ’ ಎನ್ನುವವನು ಆ ಗುಂಡಿಯ ಮುಚ್ಚಳ ತೆಗೆದು ನೋಡಿದವನಲ್ಲ.

ಟಿಕೋಪಿಯಾದ ಮನೆಯ ಬಾಗಿಲು ಎಷ್ಟು ತಗ್ಗೆಂದರೆ ನಾಯಕನೂ ಅಂಬೆಗಾಲಿಕ್ಕಿಯೇ ಒಳಗೆ ಬರಬೇಕಿತ್ತು. ಒಳಗೆ ಚಾಪೆಯ ಕೆಳಗೆ, ಒಂದು ಬದಿಯಲ್ಲಿ, ಮನೆಯ ಹಿರಿಯರನ್ನು ಹೂಳಿರುತ್ತಿದ್ದರು. ಯಾರು ಎಲ್ಲಿ ಕೂರಬೇಕು, ಯಾವ ಕಡೆಗೆ ಬೆನ್ನು ಹಾಕಬಾರದು ಎಂಬುದಕ್ಕೆಲ್ಲ ಕಟ್ಟುಪಾಡು. ನಾಯಕನ ಮುಂದೆ ಕುಳಿತುಕೊಳ್ಳುವ ರೀತಿಯೇ ಬೇರೆ. ಬರಮಾಡಿಕೊಳ್ಳುವುದೆಂದರೆ ಹೊಸಬನನ್ನು ಈ ವ್ಯವಸ್ಥೆಯಲ್ಲಿ ಒಂದು ಸ್ಥಾನದಲ್ಲಿ ಕೂರಿಸುವುದು. ಕೂರಿಸಿದ ಮೇಲೆ ಅವನಿಂದ ಬರಬೇಕಾದದ್ದೂ ಇರುತ್ತದೆ. ಫರ್ತ್ ಬಳಿ ಗಾಳದ ಕೊಕ್ಕೆ, ತಂಬಾಕು, ಬಟ್ಟೆ, ಚಾಕು ಕೇಳುತ್ತಿದ್ದವರಿಗೆ ಲೆಕ್ಕವಿರಲಿಲ್ಲ. ಮೊದಮೊದಲು ಅವನಿಗೆ ಕಿರಿಕಿರಿ. ಸ್ನೇಹ ಒಂದು ಕಡೆ, ವಸ್ತುವಿನ ಲಾಭ ಇನ್ನೊಂದು ಕಡೆ ಎಂದು ಬೇರೆಯಿಟ್ಟು ನೋಡುವುದು ತನ್ನ ಸಮಾಜದ ರೂಢಿಯೇ ಹೊರತು ಇವರದಲ್ಲ, ವಸ್ತುವಿನ ರೂಪ ತಾಳದ ಸ್ನೇಹವನ್ನು ಇವರು ನಂಬುವುದೇ ಇಲ್ಲ ಎಂಬುದು ನಿಧಾನಕ್ಕೆ ಅರ್ಥವಾಯಿತು. ಟಿಕೋಪಿಯಾ ಬಗ್ಗೆ ಅವನು ಬರೆದ ಪುಸ್ತಕದ ಬೆಲೆ ಇರುವುದೇ ಈ ಅರಿವಿನಲ್ಲಿ.

ಇದು ನಮಗೆ ಹೊಸದಾಗಿ ಕಾಣಬಾರದು. ಮದುವೆ ಮಂಟಪದ ಬದಿಯಲ್ಲಿ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂತ ಚಿಕ್ಕಪ್ಪ ಮುಯ್ಯಿ ಬರೆಸಿಕೊಳ್ಳುತ್ತಾರೆ: ಹೆಸರು, ಊರು, 101 ಅಥವಾ 501, ಒಂದು ಸ್ಟೀಲ್ ಕೊಳಗ. ಮುಯ್ಯಿ ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಆ ಪುಸ್ತಕ ತೆರೆದು ನೋಡಿ, ಅಷ್ಟೇ ಅಥವಾ ತುಸು ಹೆಚ್ಚು ಹಾಕಿ ಬರುತ್ತೇವೆ. ಲೆಕ್ಕ ಬರೆದಿಟ್ಟರೆಂದು ಆ ನಂಟಸ್ತಿಕೆಯಲ್ಲಿ ಪ್ರೀತಿಯಿಲ್ಲ ಎನ್ನುವವರುಂಟೇ? ಲೆಕ್ಕ ಮರೆತವರ ಮೇಲೆಯೇ ನಮಗೆ ಬೇಸರ. ದ್ವೀಪಕ್ಕೆ ಕಾಲಿಟ್ಟ ಕೂಡಲೇ ಈ ತಿಳಿವಳಿಕೆಯನ್ನು ಹಡಗಿನಲ್ಲೇ ಬಿಟ್ಟು ಇಳಿಯುವುದು ವಿಚಿತ್ರ. ಅಲ್ಲಿಯವರು ಏನಾದರೂ ಕೇಳಿದರೆ ‘ಪ್ರವಾಸೋದ್ಯಮ ಇವರನ್ನು ಕೆಡಿಸಿತು’ ಎಂಬ ತೀರ್ಪು ಬೇರೆ.

ಲೆಕ್ಕ ಒಪ್ಪಿಕೊಂಡು ಬಾಳಿದವರೂ ಇದ್ದರು. 1813ರಲ್ಲಿ ‘ಹಂಟರ್’ ಎಂಬ ಹಡಗು ಫಿಜಿಯ ಕಾಳಗದಲ್ಲಿ ಬದುಕುಳಿದ ಮಾರ್ಟಿನ್ ಬುಷಾರ್ಟ್ ಎಂಬ ಪ್ರಷ್ಯನ್‌ನನ್ನೂ ಜೋ ಎಂದು ಕರೆಸಿಕೊಳ್ಳುತ್ತಿದ್ದ ಒಬ್ಬ ಲಸ್ಕರ್ ನಾವಿಕನನ್ನೂ ಟಿಕೋಪಿಯಾದಲ್ಲಿ ಇಳಿಸಿಹೋಯಿತು. ಆಗ ಆ ಹಡಗಿನಲ್ಲಿದ್ದ ಪೀಟರ್ ಡಿಲ್ಲನ್ 1826ರಲ್ಲಿ ಮತ್ತೆ ಬಂದಾಗ ಇಬ್ಬರೂ ಅಲ್ಲೇ ಇದ್ದರು. ಜೋ ಬಳಿಯಿದ್ದ ಕತ್ತಿಯ ಬೆಳ್ಳಿ ಹಿಡಿಯ ತುಂಡೊಂದು, ನಾಪತ್ತೆಯಾಗಿದ್ದ ಫ್ರೆಂಚ್ ನಾವಿಕ ಲಾ ಪೆರೂಸ್‌ನ ಹಡಗುಗಳು ವನಿಕೊರೊ ದ್ವೀಪದಲ್ಲಿ ಒಡೆದ ಗುಟ್ಟನ್ನು ಬಿಡಿಸಿತು. ಚರಿತ್ರೆಕಾರರಿಗೆ ಬೇಕಾದದ್ದು ಆ ಬೆಳ್ಳಿ. ನನ್ನ ಕುತೂಹಲ ಜೋ ಬಗ್ಗೆ. ಅವನು ಅಲ್ಲೇ ಮದುವೆಯಾಗಿದ್ದ, ಹೊರಡಲು ಮನಸ್ಸು ಮಾಡಲಿಲ್ಲ. ಹದಿಮೂರು ವರ್ಷ ಯಾರೂ ಒಬ್ಬನನ್ನು ಅತಿಥಿಯಾಗಿ ಸಾಕುವುದಿಲ್ಲ. ಸಂಬಂಧ ಬೆಳೆದು, ದುಡಿದು, ಕೊಟ್ಟು ತೆಗೆದುಕೊಂಡೇ ಅವನು ಅಲ್ಲಿಯವನಾಗಿರಬೇಕು. ಅವನು ಪುಸ್ತಕ ಬರೆಯಲಿಲ್ಲ, ಹಾಗಾಗಿ ‘ಮುಗ್ಧ ಜನ’ ಎಂಬ ಸರ್ಟಿಫಿಕೇಟೂ ಅವನಿಂದ ಸಿಗಲಿಲ್ಲ.

ಆತಿಥ್ಯ ಸ್ವಭಾವವೋ ವ್ಯವಸ್ಥೆಯೋ ಎಂಬ ಪ್ರಶ್ನೆಗೆ ಕಟುವಾದ ಉತ್ತರ ಸಿಕ್ಕಿದ್ದು 1952ರಲ್ಲಿ. ಆ ಜನವರಿಯ ಚಂಡಮಾರುತ ಟಿಕೋಪಿಯಾದ ಬೆಳೆಯನ್ನು ಮಲಗಿಸಿತು. ಕೆಲವೇ ವಾರಗಳಲ್ಲಿ ಫರ್ತ್ ತನ್ನ ಸಹಾಯಕ ಜೇಮ್ಸ್ ಸ್ಪಿಲಿಯಸ್ ಜೊತೆ ಮತ್ತೆ ಅಲ್ಲಿಗೆ ಬಂದ. 1928ರಲ್ಲಿ ತನ್ನನ್ನು ಬರಮಾಡಿಕೊಂಡ ಅದೇ ಜನ ಈಗ ಬರದಲ್ಲಿ ಹೇಗೆ ಕುಗ್ಗಿದರೆಂದು ಅವನು ಮರೆಮಾಚದೆ ಬರೆದ: ಕಳ್ಳತನ ಹೆಚ್ಚಿತು, ಹಂಚಿಕೆ ದೂರದ ನಂಟರನ್ನು ಬಿಟ್ಟು ಒಲೆ ಹಂಚಿಕೊಂಡವರಿಗಷ್ಟೇ ಸೀಮಿತವಾಯಿತು, ಆದರೆ ಬಾಯಿಮಾತಿನ ಮರ್ಯಾದೆ, ಉಪಚಾರದ ರೀತಿನೀತಿ ಮಾತ್ರ ಹಸಿವಿನಲ್ಲೂ ಉಳಿದಿತ್ತು. ಕೆಟ್ಟವರಾಗಿದ್ದರು ಎಂದು ಇದರರ್ಥವಲ್ಲ, 1928ರಲ್ಲಿ ದೇವತೆಗಳಾಗಿರಲೂ ಇಲ್ಲ. ಗುಂಡಿಯಲ್ಲಿ ಜೀಗುಜ್ಜೆ ಇದ್ದಾಗ ನಡೆದ ವ್ಯವಸ್ಥೆ ಗುಂಡಿ ಬರಿದಾದಾಗ ಕುಂಟಿತು.

ಆಗ ಬಂದವರ ಕೆಲಸವೂ ಬದಲಾಯಿತು. ಸರ್ಕಾರದ ಪರಿಹಾರದ ಅಕ್ಕಿ ಹಡಗಿನಲ್ಲಿ ಬರತೊಡಗಿದಾಗ ಫರ್ತ್ ಮತ್ತು ಸ್ಪಿಲಿಯಸ್ ಟಿಪ್ಪಣಿ ಪುಸ್ತಕ ಹಿಡಿದ ವಿದ್ವಾಂಸರಾಗಿ ಮಾತ್ರ ಉಳಿಯಲು ಆಗಲಿಲ್ಲ. ಅಕ್ಕಿ ಹಂಚುವ, ಗಿಡ ನೆಡಿಸುವ, ಕಳವು ತಡೆಯುವ ವಿಚಾರಗಳಲ್ಲಿ ನಾಯಕರಿಗೂ ಆಡಳಿತಕ್ಕೂ ನಡುವೆ ಓಡಾಡಬೇಕಾಯಿತು. ಫರ್ತ್ ಹೊರಟ ಮೇಲೂ ಸ್ಪಿಲಿಯಸ್ ಅಲ್ಲೇ ಉಳಿದು ಆ ಹೊಣೆ ಹೊತ್ತ. ಮಾನವಶಾಸ್ತ್ರಜ್ಞ ಇಷ್ಟು ಕೈಹಾಕಬಹುದೇ ಎಂದು ಅವರ ಓರಗೆಯವರು ಆಮೇಲೆ ಚರ್ಚಿಸಿದ್ದುಂಟು. ಟಿಕೋಪಿಯಾದವರಿಗೆ ಈ ಚರ್ಚೆ ಅರ್ಥವಾಗುತ್ತಿತ್ತೋ ಇಲ್ಲವೋ. ಅವರ ಲೆಕ್ಕದಲ್ಲಿ ಫರ್ತ್‌ನ ಹೆಸರಿನ ಮುಂದೆ ಇಪ್ಪತ್ತನಾಲ್ಕು ವರ್ಷದ ಹಳೆಯ ಬಾಕಿ ಇತ್ತು.