ಫೋಟೋ ಇಲ್ಲದ ಮುತ್ತಜ್ಜಿಗೆ ಎಡೆ

ಪಿಕ್ಸಾರ್‌ನ ‘ಕೋಕೋ’ (2017) ಚಿತ್ರದಲ್ಲಿ ಸತ್ತವರು ಹಬ್ಬದ ರಾತ್ರಿ ಮನೆಗೆ ಬರಬೇಕಾದರೆ ಮನೆಯವರು ಅವರ ಫೋಟೋ ಇಟ್ಟಿರಬೇಕು. ಇಲ್ಲದಿದ್ದರೆ ಗಡಿಯಲ್ಲೇ ತಡೆ. ಹೆಕ್ಟರ್ ಸಿಕ್ಕಿಬೀಳುವುದು ಅಲ್ಲೇ. ಗೊಟ್ಟಿಗೆರೆಯ ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಈ ನಿಯಮ ನನ್ನನ್ನು ಚುಚ್ಚಿತು. ಅಪ್ಪನ ಅಜ್ಜಿಯ ಒಂದು ಫೋಟೋವೂ ನಮ್ಮಲ್ಲಿಲ್ಲ. ಕಳಶದ ಮುಂದೆ ಹೊಸ ಸೀರೆ, ಎಲೆ ತುಂಬ ಅಡುಗೆ. ಅಷ್ಟರಲ್ಲೇ ಅವಳು ಬಂದಳೆಂದು ಲೆಕ್ಕ. ಹೆಸರು ಗೊತ್ತಿಲ್ಲದವರನ್ನೂ ಅಮ್ಮ ಕರೆಯುತ್ತಾಳೆ.

ಮರೆವು ಕವಿದ ಮುತ್ತಜ್ಜಿ ಕೋಕೋಗೆ ಮಿಗೆಲ್ ಅವಳ ಅಪ್ಪನ ಹಾಡು ಹಾಡುವುದೇ ಚಿತ್ರದ ಜೀವ. ನನಗೆ ಅಷ್ಟೇ ಸಾಕಿತ್ತು. ಆದರೆ ಆಕೆ ಜೋಪಾನವಾಗಿಟ್ಟಿದ್ದ ಹರಿದ ಫೋಟೋ ತುಣುಕನ್ನು ತೆಗೆದುಕೊಡುತ್ತಾಳೆ. ಹಾಡನ್ನು ಅಷ್ಟು ನಂಬಿದ ಚಿತ್ರ ಕೊನೆಗೆ ದಾಖಲೆ ಕೇಳಿಬಿಟ್ಟಿತಲ್ಲ!

ನಮ್ಮ ಮುತ್ತಜ್ಜಿಯ ಸೋಬಾನೆ ಪದವೊಂದು ಅಪ್ಪನಿಗೆ ಅರ್ಧ ನೆನಪಿದೆ. ನನಗೆ ಅದೂ ಬರುವುದಿಲ್ಲ.