ಸಾಲಪತ್ರ ಬರೆಸುವವರು ಯಾರು?

ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ಊರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಗಾಜಿನ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಕುಲುಮೆಗಳು ಆರಿ ಬಹಳ ಕಾಲವಾಯಿತು. ಹೊಸದುರ್ಗ ರೋಡ್ ಸ್ಟೇಷನ್ನಿನ ಮೂಲಕ ಹಾದುಹೋಗುವ ರೈಲುಹಳಿ ಮಾತ್ರ ಉಳಿದಿದೆ. ಬಲಾಢ್ಯ ದೇಶಗಳು ಹೊರನಾಡುಗಳಲ್ಲಿ ರಸ್ತೆ, ಬಂದರು, ರೈಲಿಗೆ ಹಣ ಹೂಡುವುದರ ಕುರಿತು ಇಂದು ನಡೆಯುತ್ತಿರುವ ಚರ್ಚೆಯನ್ನು ಈ ಹಳಿಯ ಪಕ್ಕದಲ್ಲಿ ನಿಂತು ನೋಡಬೇಕೆನಿಸುತ್ತದೆ.

2013ರಲ್ಲಿ ಚೀನಾ ತನ್ನ 'ಬೆಲ್ಟ್ ಅಂಡ್ ರೋಡ್' ಯೋಜನೆಯನ್ನು ಘೋಷಿಸಿದಂದಿನಿಂದ ನಮ್ಮ ಮಾಧ್ಯಮಗಳಿಗೆ 'ಸಾಲದ ಬಲೆ' ಎಂಬ ಪದ ಸಿಕ್ಕಿದೆ. ಶ್ರೀಲಂಕಾದ ಹಂಬನತೋಟ ಬಂದರು ಅದಕ್ಕೆ ಸಿದ್ಧ ಉದಾಹರಣೆ. 2017ರಲ್ಲಿ ಅದನ್ನು 99 ವರ್ಷಗಳಿಗೆ ಚೀನಾದ ಕಂಪನಿಗೆ ಗುತ್ತಿಗೆ ಕೊಟ್ಟದ್ದು ನಿಜ. ಆದರೆ 2022ರಲ್ಲಿ ಶ್ರೀಲಂಕಾ ದಿವಾಳಿಯಾದಾಗ ಅದು ಚೀನಾಕ್ಕಿಂತ ಹೆಚ್ಚು ಬಾಕಿ ಕೊಡಬೇಕಿದ್ದುದು ಅಂತರರಾಷ್ಟ್ರೀಯ ಬಾಂಡ್ ಮಾರುಕಟ್ಟೆಗೆ ಎಂಬ ಸಂಗತಿ ಹೆಚ್ಚು ಸದ್ದು ಮಾಡಲಿಲ್ಲ. ಅದೇ 2017ರ ಡಿಸೆಂಬರಿನಲ್ಲಿ ಬೆಂಗಳೂರು ಮೆಟ್ರೋದ ಕಾಳೇನ ಅಗ್ರಹಾರ–ನಾಗವಾರ ಮಾರ್ಗಕ್ಕೆ 33.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿದ ಎಐಐಬಿ ಬ್ಯಾಂಕಿನ ಕೇಂದ್ರ ಕಚೇರಿ ಬೀಜಿಂಗಿನಲ್ಲಿದೆ. ಅದರ ಅತಿದೊಡ್ಡ ಪಾಲುದಾರ ಚೀನಾ, ಎರಡನೆಯದು ಭಾರತ. ಅದನ್ನು ಯಾರೂ ಬಲೆ ಎನ್ನಲಿಲ್ಲ. ಎನ್ನಬೇಕಾಗಿಯೂ ಇಲ್ಲ. ಒಂದೇ ಬಗೆಯ ವ್ಯವಹಾರಕ್ಕೆ ಎರಡು ಭಾಷೆ ಏಕೆ ಎಂಬುದಷ್ಟೇ ನನ್ನ ತಕರಾರು.

ಮೈಸೂರು ಸಂಸ್ಥಾನದ ಅನುಭವಕ್ಕೆ ಬರೋಣ. ಧಾತು, ಈಶ್ವರ ಸಂವತ್ಸರಗಳ, ಅಂದರೆ 1876-78ರ ಭೀಕರ ಬರದಲ್ಲಿ ಸಂಸ್ಥಾನದ ಲಕ್ಷಾಂತರ ಜನ ಸತ್ತರು. ದವಸವನ್ನು ಹಳ್ಳಿಗಳಿಗೆ ಮುಟ್ಟಿಸುವ ದಾರಿಯೇ ಇರಲಿಲ್ಲ. ರೈಲು ಬೇಕೇ ಬೇಕಿತ್ತು. ಆದರೆ ಬೊಕ್ಕಸ ಬರಿದಾಗಿತ್ತು. ಕೊನೆಗೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಸಂಸ್ಥಾನ ತಾನೇ ಹಾಕಿಸಿದ್ದ ಮೈಸೂರು–ಗುಬ್ಬಿ ಹಳಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಅಡವಿಟ್ಟಿತು. ಇಂಗ್ಲೆಂಡಿನಲ್ಲಿ ಶೇಕಡಾ 4ರ ಬಡ್ಡಿಗೆ ಸುಮಾರು 12 ಲಕ್ಷ ಪೌಂಡ್ ಸಾಲ ಎತ್ತಲಾಯಿತು. 1889ರ ಹೊತ್ತಿಗೆ ಹಳಿ ಹರಿಹರ ಮುಟ್ಟಿತು.

ಲಾಭ ಸುಳ್ಳಲ್ಲ. ನಮ್ಮ ಬಯಲುಸೀಮೆಗೆ ಪೇಟೆ ಹತ್ತಿರವಾಯಿತು. ಆದರೆ ಸಾಲ ಪೌಂಡಿನಲ್ಲಿತ್ತು, ಆದಾಯ ರೂಪಾಯಿಯಲ್ಲಿತ್ತು. ಬೆಳ್ಳಿಯ ಬೆಲೆ ಬಿದ್ದು, 1890ರ ದಶಕದ ನಡುವಿಗೆ ಒಂದು ಪೌಂಡಿಗೆ 18 ರೂಪಾಯಿಯಷ್ಟು ತೆರಬೇಕಾಯಿತು. ಎಪ್ಪತ್ತರ ದಶಕದ ಆರಂಭದಲ್ಲಿ ಅದು ಹತ್ತೇ ರೂಪಾಯಿ ಇತ್ತು. ಹಳಿಯ ಆಡಳಿತ ಸಂಸ್ಥಾನದ ಕೈಗೆ ಮರಳುವಾಗ ಸುಮಾರು ಅರ್ಧ ಶತಮಾನ ಕಳೆದಿತ್ತು. ದವಸ ತರಬಲ್ಲ ರೈಲು ಪರದೇಶದ ಅಗ್ಗದ ಬಳೆಯನ್ನೂ ತರಬಲ್ಲದು. ಮತ್ತೋಡಿನ ಕುಲುಮೆ ಆರಲು ಅದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಸಾಲದ ಕರಾರಿನಲ್ಲಿ ಬಳೆಗಾರನ ಮಾತಿಗೆ ಜಾಗವಿರಲಿಲ್ಲ.

ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ಇರುವುದು ಸಾಲದ ಬಗ್ಗೆ (ಅಲ್ ಬಕರಃ 282). ಸಾಲವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು, ಪತ್ರದ ಒಕ್ಕಣೆಯನ್ನು ಹೇಳಿ ಬರೆಸುವವನು ಸಾಲಗಾರನಾಗಿರಬೇಕು ಎಂಬುದು ಅದರ ಆಶಯ. ತುಸು ಮೊದಲಿನ 280ನೇ ವಚನ, ಸಾಲಗಾರ ಕಷ್ಟದಲ್ಲಿದ್ದರೆ ಕಾಲಾವಕಾಶ ಕೊಡಿ ಎನ್ನುತ್ತದೆ. ಬಡ್ಡಿಯ ಜಿಜ್ಞಾಸೆಯನ್ನು ಬದಿಗಿಟ್ಟರೂ ಈ ಅಳತೆಗೋಲು ಎಲ್ಲರಿಗೂ ಸಲ್ಲುವಂಥದ್ದು. ಚೀನಾದ ನೂರು ಸಾಲಪತ್ರಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ, ಷರತ್ತುಗಳನ್ನು ಗುಟ್ಟಾಗಿಡುವ ಕರಾರು ಅವುಗಳಲ್ಲಿ ವ್ಯಾಪಕವಾಗಿದ್ದುದನ್ನು ತೋರಿಸಿತು. ಅಪಾಯ ಇರುವುದು ಅಲ್ಲಿ. ಅಂದು ಲಂಡನ್ನಿಗೂ ಇಂದು ಬೀಜಿಂಗ್, ವಾಷಿಂಗ್ಟನ್‌ಗಳಿಗೂ ನಾವು ಕೇಳಬೇಕಾದ ಪ್ರಶ್ನೆಗಳು ಒಂದೇ: ಸಾಲ ಯಾರ ನಾಣ್ಯದಲ್ಲಿದೆ? ಪತ್ರವನ್ನು ಜನ ಓದಬಹುದೇ? ಬರ ಬಂದರೆ ಗಡುವು ಸಡಿಲವಾಗುತ್ತದೆಯೇ?

ಕೊಟ್ಟವರ ಬಾವುಟ ನೋಡಿ ಹೊಗಳುವುದು, ತೆಗಳುವುದು ಸುಲಭ. ಪತ್ರ ಓದಿ ಮಾತಾಡುವುದು ಕಷ್ಟ. ಆದರೆ ತೀರಿಸಬೇಕಾದವರು ನಾವು, ನಮ್ಮ ಮಕ್ಕಳು.