ಪಹರೆಗೂ ಪೊರಕೆಗೂ ಜಗಳ ಬಂದಾಗ

ಕಂಪ್ಯೂಟರ್ ನಿಧಾನವಾಯಿತು ಎಂದರೆ ಸಾಕು, 'ಒಂದು ಕ್ಲೀನರ್ ಹಾಕಿ ನೋಡಿ' ಎನ್ನುವವರು ಮನೆಗೊಬ್ಬರು ಸಿಗುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಸಲಹೆ ಬರುತ್ತದೆ: 'ಆಂಟಿವೈರಸ್ ತಕರಾರು ಮಾಡಿದರೆ ಸ್ವಲ್ಪ ಹೊತ್ತು ಆಫ್ ಮಾಡಿಬಿಡಿ.' ಮೊದಲನೆಯದನ್ನು ಕೇಳಿದರೆ ಅಂಥ ದೊಡ್ಡ ನಷ್ಟವಿಲ್ಲ. ಎರಡನೆಯದನ್ನು ಮಾತ್ರ ಯಾರು ಹೇಳಿದರೂ ಕೇಳಬೇಡಿ. ಯಾಕೆ ಎನ್ನುವುದೇ ಈ ವಾರದ ವಿಷಯ.

ಮೊದಲು ಪಹರೆಯವನು ಎಲ್ಲಿ ಕೂತಿದ್ದಾನೆ ನೋಡೋಣ. ವಿಂಡೋಸ್‌ನಲ್ಲಿ ಕಮ್ಯಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಎಫ್, ಎಲ್, ಟಿ, ಎಂ, ಸಿ ಎಂಬ ಐದು ಇಂಗ್ಲಿಷ್ ಅಕ್ಷರ ಟೈಪಿಸಿ ಎಂಟರ್ ಒತ್ತಿ. ಪುಟ್ಟದೊಂದು ಪಟ್ಟಿ ಬರುತ್ತದೆ. ಅದರಲ್ಲಿ 'ಡಬ್ಲ್ಯುಡಿ ಫಿಲ್ಟರ್' ಎಂಬ ಹೆಸರು, ಅದರ ಸಾಲಿನಲ್ಲೇ 328010 ಎಂಬ ಅಂಕಿ. ಇದು ಮೈಕ್ರೋಸಾಫ್ಟ್ ಡಿಫೆಂಡರ್‌ನ ಫಿಲ್ಟರ್. ಅಂಕಿ ಅದು ಕೂತಿರುವ ಎತ್ತರ. ಯಾವ ಪ್ರೋಗ್ರಾಂ ಯಾವ ಫೈಲ್ ಕೇಳಿದರೂ ಆ ಕೋರಿಕೆ ಡಿಸ್ಕ್ ಮುಟ್ಟುವ ಮೊದಲು ಈ ಫಿಲ್ಟರ್‌ಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ದಾಟಬೇಕು. ಈ ಏಣಿಯಲ್ಲಿ 320000ದಿಂದ ಶುರುವಾಗುವ ಮೆಟ್ಟಿಲುಗಳನ್ನು ಮೈಕ್ರೋಸಾಫ್ಟ್ ಆಂಟಿವೈರಸ್‌ಗಳಿಗೆಂದೇ ಮೀಸಲಿಟ್ಟಿದೆ.

ಈಗ ಪೊರಕೆ ಹಿಡಿದು ಕ್ಲೀನರ್ ಬರುತ್ತದೆ. ಬ್ರೌಸರ್ ಕ್ಯಾಶ್‌ನಲ್ಲಿರುವ ಸಾವಿರಾರು ಚಿಲ್ಲರೆ ಫೈಲ್‌ಗಳನ್ನು ಹುಡುಕಿ, ಗಾತ್ರ ಕೂಡಿಸಿ, ಅಳಿಸುವುದು ಅದರ ಕೆಲಸ. ಪ್ರತಿ ಫೈಲಿನ ಕೋರಿಕೆಯೂ ಪಹರೆಯ ಕಣ್ಣಮುಂದೆಯೇ ಹೋಗಬೇಕು. ಒಂದೊಂದಕ್ಕೆ ಹಿಡಿಯುವ ಹೊತ್ತು ಲೆಕ್ಕಕ್ಕಿಲ್ಲ. ಸಾವಿರಗಟ್ಟಲೆ ಒಟ್ಟಿಗೆ ಬಂದಾಗ, ಅದೂ ಹಳೆಯ ಹಾರ್ಡ್ ಡಿಸ್ಕ್ ಆದರೆ, ಏದುಸಿರು ಬರುತ್ತದೆ. ಕಂಪ್ಯೂಟರ್ ಚುರುಕಾಗಲೆಂದು ಶುರು ಮಾಡಿದ ಕೆಲಸವೇ ಅದನ್ನು ಕಾಲು ಗಂಟೆ ಕಟ್ಟಿಹಾಕುವುದು ಹೀಗೆ.

ಇದು ಸಣ್ಣ ಜಗಳ. ನಡುವಣದ್ದು 'ಆಕ್ಸೆಸ್ ಡಿನೈಡ್' ಎಂಬ ಜಗಳ. ಕೆಲವು ಕ್ಲೀನರ್‌ಗಳ ಪಟ್ಟಿಯಲ್ಲಿ ಆಂಟಿವೈರಸ್ಸಿನ ಹೆಸರಿನ ಎದುರಿಗೂ ಒಂದು ಟಿಕ್ ಇರುತ್ತದೆ. ಅದರ ಸ್ಕ್ಯಾನ್ ಚರಿತ್ರೆ, ಲಾಗ್‌ಗಳೆಲ್ಲ ಕ್ಲೀನರ್ ಕಣ್ಣಿಗೆ ಕಸ. ಆದರೆ ಯಾವ ದಿನ, ಯಾವ ಫೋಲ್ಡರಿನಲ್ಲಿ, ಏನು ಸಿಕ್ಕಿತು ಎಂಬ ದಾಖಲೆ ಇರುವುದು ಅಲ್ಲೇ. ಸೋಂಕು ಎಲ್ಲಿಂದ ಬಂತೆಂದು ಹುಡುಕುವಾಗ ಮೊದಲು ಬೇಕಾಗುವುದೂ ಅದೇ. ಆಂಟಿವೈರಸ್‌ಗಳು ತಮ್ಮ ಫೋಲ್ಡರನ್ನು ತಾವೇ ಕಾಯ್ದುಕೊಳ್ಳುತ್ತವೆ. ತನ್ನ ಸೆಟ್ಟಿಂಗ್‌ಗಳನ್ನು ಹೊರಗಿನ ಪ್ರೋಗ್ರಾಂ ಬದಲಿಸದಂತೆ ಡಿಫೆಂಡರ್ 2019ರಲ್ಲಿ 'ಟ್ಯಾಂಪರ್ ಪ್ರೊಟೆಕ್ಷನ್' ಎಂಬ ಬೀಗವನ್ನೇ ತಂದಿತು. ಕ್ಲೀನರ್ ತೋರಿಸುವ ಎರರ್ ಆ ಬೀಗ ಗಟ್ಟಿಯಾಗಿದೆ ಎನ್ನುವುದಕ್ಕೆ ಸಾಕ್ಷಿಯಷ್ಟೇ. ರಿಪೇರಿ ಮಾಡುವಂಥದ್ದೇನೂ ಅಲ್ಲಿಲ್ಲ.

ದೊಡ್ಡ ಜಗಳಕ್ಕೆ ಕಾರಣ ನಡವಳಿಕೆ. ರಾಶಿ ರಾಶಿ ಫೈಲ್ ಅಳಿಸುವುದು, ಅಳಿಸಿದ ಜಾಗದ ಮೇಲೆ ಅರ್ಥವಿಲ್ಲದ ಅಕ್ಷರ ಬರೆಯುವುದು, ಈವೆಂಟ್ ಲಾಗ್ ಖಾಲಿ ಮಾಡುವುದು, ಕಂಪ್ಯೂಟರ್ ಶುರುವಾಗುವಾಗ ಏನೇನು ಓಡಬೇಕೆಂದು ರಿಜಿಸ್ಟ್ರಿಯಲ್ಲಿ ತಿದ್ದುವುದು: ಇದು ಕ್ಲೀನರ್‌ನ ದಿನಚರಿ. ರ್‍ಯಾನ್ಸಮ್‌ವೇರ್ ಮಾಡುವುದೂ ಇದನ್ನೇ. ಪಹರೆಗೆ ಕಾಣುವುದು ಕೈ, ಮನಸ್ಸಲ್ಲ. ಇದರಲ್ಲಿ 'ಸೆಕ್ಯೂರ್ ಡಿಲೀಟ್' ಎಂಬ ಆಯ್ಕೆಯಂತೂ ಶುದ್ಧ ದಂಡ. 35 ಸಲ ಮೇಲೆ ಬರೆದು ಅಳಿಸುವ ಈ ಕ್ರಮ ಪೀಟರ್ ಗಟ್‌ಮನ್ 1996ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬಂದದ್ದು. ಅದರ ಲೆಕ್ಕಾಚಾರ ಆ ಕಾಲದ ಹಾರ್ಡ್ ಡಿಸ್ಕ್‌ಗಳದ್ದು. ಈಗಿನ ಎಸ್‌ಎಸ್‌ಡಿ, ಸವೆತ ಹಂಚಿಹೋಗಲೆಂದು, ಹೊಸ ಬರಹವನ್ನು ಬೇರೆ ಜಾಗದಲ್ಲಿ ಇಡುತ್ತದೆ. ಹಳೆಯದರ ಮೇಲೆ ಬರೆದೆವೆಂದು ನಾವು ಅಂದುಕೊಳ್ಳುತ್ತೇವೆ, ಅಷ್ಟೇ. ಡ್ರೈವಿನ ಆಯಸ್ಸು ಕರಗುತ್ತದೆ, ಪಹರೆಯ ಅನುಮಾನ ಬೆಳೆಯುತ್ತದೆ.

ಅನುಮಾನ ಬರೀ ಅನುಮಾನವಲ್ಲ ಎಂದು ತೋರಿಸಿದ್ದು 2017. ಲಂಡನ್ನಿನ ಪಿರಿಫಾರ್ಮ್ ಕಂಪನಿಯ ಸಿಕ್ಲೀನರ್ ಆಗ ಮನೆಮಾತು. ಆ ವರ್ಷದ ಜುಲೈನಲ್ಲಿ ಆಂಟಿವೈರಸ್ ಕಂಪನಿ ಅವಾಸ್ಟ್ ಅದನ್ನು ಕೊಂಡಿತು. ಆಗಸ್ಟ್ 15ರಂದು ಬಂದ 5.33 ಆವೃತ್ತಿಯ 32 ಬಿಟ್ ಪ್ರತಿಯೊಳಗೆ ಹಿಂಬಾಗಿಲೊಂದು ಸೇರಿಕೊಂಡಿತ್ತು. ನುಸುಳುಕೋರರು ಕಂಪನಿಯ ಜಾಲದೊಳಗೇ ಹೊಕ್ಕಿದ್ದರಿಂದ ಫೈಲಿನ ಮೇಲೆ ಅಸಲಿ ಡಿಜಿಟಲ್ ಸಹಿಯೇ ಇತ್ತು. ಸುಮಾರು 22.7 ಲಕ್ಷ ಕಂಪ್ಯೂಟರ್‌ಗಳಿಗೆ ಅದು ಇಳಿಯಿತು. ಆ ಕೋಡ್ ಓಡಲು ಅಡ್ಮಿನ್ ಅಧಿಕಾರ ಬೇಕಿತ್ತು. ಸಿಗದಿದ್ದರೆ ತಾನಾಗಿಯೇ ನಿಂತುಬಿಡುತ್ತಿತ್ತು. ಕ್ಲೀನರ್‌ಗೆ ಆ ಅಧಿಕಾರವನ್ನು ನಾವೇ 'ಯೆಸ್' ಒತ್ತಿ ಕೊಟ್ಟಿರುತ್ತೇವಲ್ಲ! ಮೊದಲು ತಡೆದದ್ದು ಮಾರ್ಫಿಸೆಕ್ ಎಂಬ ಕಂಪನಿಯ ರಕ್ಷಣಾ ತಂತ್ರಾಂಶ. ಅವಾಸ್ಟ್‌ಗೆ ಸುದ್ದಿ ಮುಟ್ಟಿದ್ದು ಸೆಪ್ಟೆಂಬರ್ 12ರಂದು. ಸಿಸ್ಕೋದ ಟಾಲೋಸ್ ತಂಡದವರು ತಮ್ಮದೇ ದಾರಿಯಲ್ಲಿ ಕಂಡುಹಿಡಿದರು. ಸಹಿ ಇದೆ, ಹೆಸರಿದೆ, ಬಿಟ್ಟುಬಿಡೋಣ ಎಂದು ಎಲ್ಲ ಪಹರೆಗಳೂ ಸುಮ್ಮನಾಗಿದ್ದರೆ ಗತಿ ಏನಿತ್ತು?

2020ರ ಜುಲೈ ಪ್ರಸಂಗದಲ್ಲಿ ತಮಾಷೆಯೂ ಇದೆ. ಡಿಫೆಂಡರ್ ಸಿಕ್ಲೀನರನ್ನು 'ಪಿಯುಎ', ಅಂದರೆ ಬೇಡದಿರಬಹುದಾದ ತಂತ್ರಾಂಶ, ಎಂದು ಗುರುತಿಸತೊಡಗಿತು. ಕ್ಲೀನ್ ಮಾಡುವುದರ ಮೇಲೆ ಮೈಕ್ರೋಸಾಫ್ಟಿನ ಆಕ್ಷೇಪ ಇರಲಿಲ್ಲ. ಉಚಿತ ಇನ್‌ಸ್ಟಾಲರ್ ತನ್ನ ಜತೆ ಗೂಗಲ್ ಕ್ರೋಮ್, ಅವಾಸ್ಟ್, ಎವಿಜಿ ಆಂಟಿವೈರಸ್‌ಗಳನ್ನೂ ಹೊತ್ತು ತರುತ್ತಿತ್ತು ಎನ್ನುವುದೇ ದೂರು. ಕಸ ಗುಡಿಸಲು ಬಂದವನು ಇನ್ನೊಬ್ಬ ಪಹರೆಯವನನ್ನು ಬಾಗಿಲಿಗೆ ಕರೆತಂದಿದ್ದಕ್ಕೆ ಇದ್ದವನು ಸಿಟ್ಟಾದ! ವ್ಯಾಪಾರ ಮಾತ್ರ ಚೆನ್ನಾಗಿಯೇ ಸಾಗಿತು. 2022ರಲ್ಲಿ ನಾರ್ಟನ್, ಅವಾಸ್ಟ್ ಒಂದಾಗಿ ಜೆನ್ ಡಿಜಿಟಲ್ ಆದ ಮೇಲೆ ನಾರ್ಟನ್, ಅವಾಸ್ಟ್, ಎವಿಜಿ, ಅವೀರಾ, ಸಿಕ್ಲೀನರ್ ಎಲ್ಲವೂ ಒಬ್ಬನೇ ಧಣಿಯ ಕೈಕೆಳಗಿವೆ.

ಹಾಗಾದರೆ ಜಾಗ ಖಾಲಿ ಮಾಡುವುದು ಹೇಗೆ? ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅಲ್ಲಿ ಸ್ಟೋರೇಜ್, ಅದರೊಳಗೆ ಟೆಂಪರರಿ ಫೈಲ್ಸ್. ಡಿಫೆಂಡರ್‌ನ ಫೈಲ್‌ಗಳಲ್ಲಿ ಅಳಿಸಿದರೆ ತೊಂದರೆಯಿಲ್ಲದವು ಯಾವುವೆಂದು ವಿಂಡೋಸೇ ಅಲ್ಲಿ ಬೇರೆ ಸಾಲಿನಲ್ಲಿ ಕೊಡುತ್ತದೆ. ಮನೆಯವನೇ ಗುಡಿಸಿದರೆ ಪಹರೆಗೆ ತಕರಾರಿಲ್ಲ. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರೂ ಇರುತ್ತದೆ. ಅಲ್ಲಿ ಟಿಕ್ ಹಾಕುವ ಮೊದಲು ಇಪಿಎಫ್ ಪಾಸ್‌ಬುಕ್ಕೂ ಮಕ್ಕಳ ಅಂಕಪಟ್ಟಿಯೂ ಅಲ್ಲೇ ಬಿದ್ದಿವೆಯೇ ನೋಡಿಕೊಳ್ಳಿ. ರಿಜಿಸ್ಟ್ರಿ ಕ್ಲೀನಿಂಗ್ ಆಸೆ ಬಿಟ್ಟುಬಿಡಿ. ಅಂಥ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ.

ಕ್ಲೀನರ್ ಬೇಕೇ ಬೇಕು ಎನ್ನುವವರು ತಯಾರಕರ ತಾಣದಿಂದ ಹೊಸ ಆವೃತ್ತಿ ಇಳಿಸಿಕೊಳ್ಳಿ. ಫಾರ್ಮ್ಯಾಟ್ ಮಾಡಿಕೊಡುವ ಅಂಗಡಿಯ ಪೆನ್‌ಡ್ರೈವಿನಲ್ಲಿ ಯಾವ ಕಾಲದ್ದಿದೆಯೋ ಯಾರಿಗೆ ಗೊತ್ತು! ಪ್ರಿಫೆಚ್, ಈವೆಂಟ್ ಲಾಗ್, ಆಂಟಿವೈರಸ್ ಚರಿತ್ರೆಗಳ ಟಿಕ್ ತೆಗೆಯಿರಿ. ಎಚ್ಚರಿಕೆ ಬಂದರೆ ಪ್ರೊಟೆಕ್ಷನ್ ಹಿಸ್ಟರಿ ತೆರೆದು ಹೆಸರು ಓದಿ. 'ಪಿಯುಎ' ಎಂದಿದ್ದರೆ ಯೋಚಿಸಿ ನಿರ್ಧರಿಸಬಹುದು. 'ಟ್ರೋಜನ್' ಎಂದಿದ್ದರೆ ಚರ್ಚೆ ಬೇಡ, ತೆಗೆಯಿರಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಉಚಿತವಾಗಿ ಕೊಡುವ ಸಾಧನಗಳಿಂದ ಇನ್ನೊಮ್ಮೆ ಪರೀಕ್ಷಿಸಿದರೂ ಒಳ್ಳೆಯದೇ.

'ಎಕ್ಸ್‌ಕ್ಲೂಷನ್' ಪಟ್ಟಿಗೆ ಕ್ಲೀನರನ್ನು ಸೇರಿಸಿ ಜಗಳ ಮುಗಿಸುವವರಿದ್ದಾರೆ. ಡಿಫೆಂಡರ್‌ನಲ್ಲಿ ಒಂದು ಪ್ರೋಸೆಸ್‌ಗೆ ಹೀಗೆ ವಿನಾಯಿತಿ ಕೊಟ್ಟರೆ ಅದು ತೆರೆಯುವ ಫೈಲ್‌ಗಳನ್ನು ರಿಯಲ್‌ಟೈಮ್ ಪಹರೆ ನೋಡುವುದಿಲ್ಲ. ಪೂರ್ತಿ ವಿಳಾಸವಿಲ್ಲದೆ ಬರೀ ಹೆಸರು ಕೊಟ್ಟರಂತೂ ಆ ಹೆಸರಿಟ್ಟುಕೊಂಡ ಯಾವ ಪ್ರೋಗ್ರಾಮಿಗೂ ಅದೇ ಸವಲತ್ತು. ಅಳಿಸಿದ ಕ್ಯಾಶ್ ವಾರದೊಳಗೆ ಮತ್ತೆ ತುಂಬುತ್ತದೆ. ಕೊಟ್ಟ ವಿನಾಯಿತಿ ಮಾತ್ರ ನೀವೇ ಹೋಗಿ ತೆಗೆಯುವವರೆಗೆ ಹಾಗೇ ಇರುತ್ತದೆ. ಇವತ್ತೇ ಆ ಪಟ್ಟಿ ತೆರೆದು ನೋಡಿ. ಯಾಕೆ ಸೇರಿಸಿದೆವೆಂದು ನೆನಪಾಗದ ಹೆಸರಿದ್ದರೆ ಮೊದಲು ಗುಡಿಸಬೇಕಾದ ಕಸ ಅದೇ.